ಓಡುವುದನ್ನು ಬಿಟ್ಟು ನಡೆದ ಪದ

ಜರ್ಮನಿಯ ಸ್ಟುಟ್‌ಗಾರ್ಟ್ ಸುತ್ತಿನ ಶ್ವಾಬಿಯಾ ಸೀಮೆಯಲ್ಲಿ ತಾಯಿ ಮಗನಿಗೆ ‘ಬ್ರೆಡ್ಡಿನಂಗಡಿಗೆ ಶ್ಪ್ರಿಂಗ್’ ಎಂದರೆ ಬೇಗ ಓಡಿ ಹೋಗಿ ಬಾ ಎಂದರ್ಥ. ಪುಸ್ತಕದ ಜರ್ಮನ್ ಕಲಿತು ಹೋದವರಿಗೆ, ಹುಡುಗ ಅಲ್ಲಿಯವರೆಗೂ ಜಿಗಿಯುತ್ತ ಹೋಗಬೇಕೇನೋ ಅನ್ನಿಸೀತು. ಶಿಷ್ಟ ಭಾಷೆಯಲ್ಲಿ ‘ಶ್ಪ್ರಿಂಗೆನ್’ ಎಂದರೆ ಜಿಗಿ. ಜಿಗಿತಕ್ಕೆ ಶ್ವಾಬಿಯಾದವರ ಹತ್ತಿರ ‘ಹುಪ್ಫ’ ಎಂಬ ಬೇರೆ ಮಾತಿದೆ. ಇನ್ನು ಶಿಷ್ಟ ಬರಹದಲ್ಲಿ ಓಟವನ್ನು ಸೂಚಿಸುವ ‘ಲೌಫೆನ್’ ಇವರ ಬಾಯಲ್ಲಿ ‘ಲೌಫ’, ಅರ್ಥ, ನಡೆ. ಮನೆಗೆ ಬಂದವರನ್ನು ಗಾಡಿಯಲ್ಲಿ ಬಂದಿರೋ ‘ಗ್ಲೊಫ್ಫ’ ಬಂದಿರೋ ಎಂದು ಕೇಳಿದರೆ, ನಡೆದು ಬಂದಿರೋ ಎಂದೇ ಪ್ರಶ್ನೆ.

ಈ ‘ಲೌಫ’ ಪದದ ಹಿಂದಿನ ದಾರಿ ಬಲು ಉದ್ದ. 4ನೇ ಶತಮಾನದ ವುಲ್ಫಿಲನ ಗಾಥಿಕ್ ಬೈಬಲಿನಲ್ಲಿ, ಕುರುಡ ಬಾರ್ತಿಮಾಯ ಯೇಸುವಿನ ಕರೆ ಕೇಳಿ ದಿಗ್ಗನೆ ಜಿಗಿದೇಳುವಲ್ಲಿ ಇದೇ ಧಾತುವಿದೆ: ‘ಹ್ಲೌಪನ್’. ಮೊದಲಿನ ಹಕಾರವನ್ನು ಜರ್ಮನ್ ಕಳೆದುಕೊಂಡಿತು, ಇಂಗ್ಲಿಷೂ ಕಳೆದುಕೊಂಡಿತು. ಆದರೆ ಇಂಗ್ಲಿಷಿನ ‘ಲೀಪ್’ ಇಂದಿಗೂ ಜಿಗಿಯುತ್ತಿದೆ. ಐಸ್‌ಲ್ಯಾಂಡಿನ ‘ಹ್ಲೌಪ’ ಹಕಾರವನ್ನು ಉಳಿಸಿಕೊಂಡು ಓಡುತ್ತದೆ. ಡಚ್ಚರ ‘ಲೋಪೆನ್’, ಶ್ವಾಬಿಯಾದಂತೆಯೇ, ನಡೆಯುತ್ತದೆ. ಒಂದೇ ತಾಯಿಯ ಮಕ್ಕಳು, ಒಬ್ಬೊಬ್ಬರದು ಒಂದೊಂದು ನಡಿಗೆ.

ಶ್ವಾಬಿಯಾದವರ ಈ ಬಳಕೆಯನ್ನು ಹಳ್ಳಿಗರು ಕೆಡಿಸಿದ ಜರ್ಮನ್ ಎನ್ನುವುದು ಸರಿಯಲ್ಲ. ‘ಲೌಫ’ ನಡಿಗೆಗೆ ನಿಂತಿತು, ಓಟಕ್ಕೆ ‘ಶ್ಪ್ರಿಂಗ’ ಬಂತು, ಜಿಗಿತವನ್ನು ‘ಹುಪ್ಫ’ ವಹಿಸಿಕೊಂಡಿತು. ಮೂರು ಕೆಲಸಕ್ಕೆ ಮೂರು ಪದ, ಯಾವುದೂ ಖಾಲಿ ಬಿದ್ದಿಲ್ಲ. ನಮ್ಮಲ್ಲೂ ಓಟ ಹೀಗೆ ನಿಧಾನವಾಗಿದೆ. ಕಾಲು ಮುರಿದು ಮಲಗಿದ್ದ ಅಜ್ಜಿ ಈಗ ಮನೆಯೊಳಗೆ ಓಡಾಡುತ್ತಾಳೆ ಎನ್ನುತ್ತೇವೆ. ಅವಳು ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುತ್ತಿರುತ್ತಾಳೆ. ‘ಓಡಾಡು’ ಎಂಬುದರೊಳಗಿನ ‘ಓಡು’ ಯಾರಿಗೂ ಅಡ್ಡ ಬರುವುದಿಲ್ಲ.

ಶ್ವಾಬಿಯಾದ ಮಾತುಗಳನ್ನು ನಿಘಂಟಿಗೆ ಸೇರಿಸಿದವರು ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹೆರ್ಮನ್ ಫಿಶರ್. ಅದರ ಮೊದಲ ಸಂಪುಟ 1904ರಲ್ಲಿ ಹೊರಬಂತು. ಕೊನೆಯದು ಮುಗಿದದ್ದು 1936ರಲ್ಲಿ, ಫಿಶರ್ ತೀರಿಕೊಂಡು 16 ವರ್ಷಗಳಾದ ಮೇಲೆ. ಕನ್ನಡಕ್ಕೆ 1894ರಲ್ಲಿ ನಿಘಂಟು ಕೊಟ್ಟ ಕಿಟೆಲ್ ಕೊನೆಯ ದಿನಗಳನ್ನು ಕಳೆದದ್ದೂ ಅದೇ ಟ್ಯೂಬಿಂಗೆನ್ ಊರಿನಲ್ಲಿ. ಫಿಶರರ ಆ ಮೊದಲ ಸಂಪುಟ ಪೂರ್ಣವಾಗುವ ಹಿಂದಿನ ವರ್ಷ, 1903ರಲ್ಲಿ, ಕಿಟೆಲ್ ಅಲ್ಲಿಯೇ ತೀರಿಕೊಂಡರು.