ಮೆಟ್ಟಿಲಿನ ಲೆಕ್ಕ, ಲಿಫ್ಟಿನ ಲೆಕ್ಕ

1804ರ ಫ್ರೆಂಚ್ ಸಿವಿಲ್ ಸಂಹಿತೆಯ 664ನೇ ಕಲಮಿನಲ್ಲಿ ಮೆಟ್ಟಿಲಿನ ವಿಚಾರ ಬರುತ್ತದೆ. ಒಂದೇ ಕಟ್ಟಡದ ಒಂದೊಂದು ಮಹಡಿ ಒಬ್ಬೊಬ್ಬರದಾಗಿದ್ದು, ರಿಪೇರಿಯ ಬಗ್ಗೆ ಹಕ್ಕುಪತ್ರದಲ್ಲಿ ಏನೂ ಬರೆದಿರದಿದ್ದರೆ ಏನು ಮಾಡಬೇಕು? ದಪ್ಪ ಗೋಡೆ, ಚಾವಣಿ ಎಲ್ಲರ ಖರ್ಚು; ಅವರವರ ಮಹಡಿಯ ಬೆಲೆಗೆ ತಕ್ಕಷ್ಟು ಪಾಲು. ಕಾಲಿಡುವ ನೆಲ ಆಯಾ ಮಹಡಿಯವರದು. ಮೆಟ್ಟಿಲನ್ನು ಮೊದಲ ಮಹಡಿಯವನು ತನ್ನ ಬಾಗಿಲಿನ ತನಕ ಮಾಡಿಸಬೇಕು, ಎರಡನೇ ಮಹಡಿಯವನು ಅಲ್ಲಿಂದ ಮುಂದೆ ತನ್ನ ಬಾಗಿಲಿನ ತನಕ.

ಓದಲು ಚೆನ್ನಾಗಿದೆ. ಆದರೆ ಮೇಲಿನವನು ಕೆಳಗಿನ ಮೆಟ್ಟಿಲನ್ನೂ ತುಳಿದೇ ಹೋಗಬೇಕಲ್ಲ, ಅದರ ಸವೆತಕ್ಕೆ ಅವನ ಪಾಲೆಲ್ಲಿ? ಪೀಣ್ಯದ ಒಂದು ಕಾರ್ಖಾನೆಯ ಕಾಸ್ಟಿಂಗ್ ವಿಭಾಗದಲ್ಲಿ ಕೂದಲು ಬೆಳ್ಳಗಾಗುವವರೆಗೆ ಓವರ್‌ಹೆಡ್ ಹಂಚಿದವನಾದ್ದರಿಂದ ನನಗೆ ಇಂಥದ್ದೇ ಕಣ್ಣಿಗೆ ಬೀಳುವುದು. ಈಗ ವರ್ತೂರಿನ ಕಡೆ ಒಂದು ಅಪಾರ್ಟ್‌ಮೆಂಟಿನ ಸಂಘದ ಖಜಾಂಚಿ. ಫ್ರೆಂಚರು 1938ರಲ್ಲಿ ಹೊಸ ಕಾನೂನು ಮಾಡಿ ಆ ಕಲಮನ್ನು ತೆಗೆದುಹಾಕಿದರು. ನಮ್ಮ ಸಭೆಗಳಲ್ಲಿ ಮಾತ್ರ ಅದು ಇನ್ನೂ ಜಾರಿಯಲ್ಲಿದೆ.

ಹಾಗೆ ನೋಡಿದರೆ ರಿಪೇರಿಯ ಖರ್ಚು ಹಂಚುವುದು ಈ ಸೀಮೆಗೆ ಹೊಸದಲ್ಲ. ಇಲ್ಲಿಂದ ದೂರವಲ್ಲದ ಅಗರದಲ್ಲಿ ಗಂಗರ ಕಾಲದ ಶಾಸನವಿದೆ. ಒಬ್ಬಾತ ಎರಡು ಕೆರೆಗಳಿಗೆ ತೂಬು ಇಡಿಸಿ, ಮೂಡಣ ಕೆರೆಯನ್ನು ಕಟ್ಟಿಸಿ, ಬಿಟ್ಟುವಟ್ಟ ಪಡೆದ ಎಂದು ಅದು ಹೇಳುತ್ತದೆ. ಬಿಟ್ಟುವಟ್ಟ ಎಂದರೆ ಕೆರೆ ಕಟ್ಟಿಸಿದವನಿಗೆ, ಅದನ್ನು ನೋಡಿಕೊಳ್ಳುವವನಿಗೆ ಕೆರೆಯ ಕೆಳಗಿನ ನೆಲದಿಂದಲೇ ಜೀವನೋಪಾಯ; ಇವತ್ತಿನ ಮಾತಿನಲ್ಲಿ ಹೇಳುವುದಾದರೆ ಮೇಂಟೆನೆನ್ಸಿಗೆ ಕಾರ್ಪಸ್ ಮೊದಲೇ ಇಟ್ಟ ಹಾಗೆ. ಹಳೇ ಮೈಸೂರು ಸಂಸ್ಥಾನದಲ್ಲಿ ಏರಿಗೆ ಮಣ್ಣು ಹಾಕುವುದು, ಗಿಡಗಂಟಿ ಕೀಳುವುದು ಅಚ್ಚುಕಟ್ಟಿನ ರೈತರ ಹೊಣೆ. ಕಲ್ಲುಗಾರೆಯ ಕೆಲಸ ಸರ್ಕಾರದ್ದು. ರೈತರು ಬರುವುದು ಕಡಿಮೆಯಾದಾಗ 1911ರಲ್ಲಿ ಟ್ಯಾಂಕ್ ಪಂಚಾಯತಿಗಳಿಗೊಂದು ರೆಗ್ಯುಲೇಷನ್ ಬಂತು. ಬಾಕಿದಾರರು ಆಗಲೂ ಇದ್ದರು ಎಂದಾಯಿತು.

ಮನೆಯ ವಿಷಯದಲ್ಲಿ ಬೆಂಗಳೂರು ಮುಂದಿತ್ತು. 1909ರಲ್ಲಿ ಇಲ್ಲಿ ಶುರುವಾದ ಬೆಂಗಳೂರು ಬಿಲ್ಡಿಂಗ್ ಕೋಆಪರೇಟಿವ್ ಸೊಸೈಟಿ ಭಾರತದ ಮೊದಲ ಗೃಹ ಸಹಕಾರ ಸಂಘ. ಆದರೆ ಇಲ್ಲಿಯವರಿಗೆ ಬೇಕಾದದ್ದು ಸೈಟು, ಸ್ವಂತ ಕಾಂಪೌಂಡು, ಮುಂದೊಂದು ತೆಂಗಿನ ಮರ. ಒಂದೇ ಸೂರಿನಡಿ ಹಲವು ಸಂಸಾರ ಎಂಬ ಪ್ರಯೋಗವನ್ನು ಮುಂಬೈಯ ಗಾಮದೇವಿಯಲ್ಲಿ ಮಾಡಿದವರು ನಮ್ಮ ಶಿರಾಲಿಯ ಚಿತ್ರಾಪುರ ಮಠದ ಅನುಯಾಯಿಗಳು. ಎಸ್. ಎಸ್. ತಲ್ಮಕಿಯವರ ಮುಂದಾಳತ್ವದಲ್ಲಿ 1915ರಲ್ಲಿ ಸಾರಸ್ವತ ಗೃಹ ಸಹಕಾರ ಸಂಘ ಹುಟ್ಟಿತು. ಅಲ್ಲಿ ಕಟ್ಟಡ ಸಂಘದ್ದು, ಸದಸ್ಯ ಅದರ ಬಾಡಿಗೆದಾರ, ಅದರ ಪಾಲುದಾರನೂ ಹೌದು. ಸೋರುವ ಚಾವಣಿ ಸಂಘದ ಚಾವಣಿ. ನನ್ನದೆಷ್ಟು ನಿನ್ನದೆಷ್ಟು ಎಂದು ಅಳೆಯುವ ಪ್ರಮೇಯ ಅಷ್ಟಾಗಿ ಬರುವುದಿಲ್ಲ.

ಅಳತೆ ಬಂದದ್ದು 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಿಂದ. ಆಗ ರಾಜ್ಯಕ್ಕಿನ್ನೂ ಮೈಸೂರು ಎಂದೇ ಹೆಸರು. ದೇವರಾಜ ಅರಸರು ಮುಖ್ಯಮಂತ್ರಿ. ಮಹಾರಾಷ್ಟ್ರ 1970ರಲ್ಲಿ ಮಾಡಿದ್ದ ಕಾಯ್ದೆಯ ಜಾಡಿನಲ್ಲೇ ನಮ್ಮದೂ ಇದೆ. ಅದರ ಬೇರು ಅಮೆರಿಕದ ಕಾಂಡೊಮಿನಿಯಂ ಕಾನೂನಿನಲ್ಲಿ. ವೈಟ್‌ಫೀಲ್ಡ್ ಆಗ 1880ರ ದಶಕದ ಆಂಗ್ಲೋ ಇಂಡಿಯನ್ ವಸಾಹತಿನ ಹೆಂಚಿನ ಮನೆ, ಹಣ್ಣಿನ ತೋಟಗಳ ಊರು. ಎಲೆಕ್ಟ್ರಾನಿಕ್ ಸಿಟಿ ಹುಟ್ಟಿರಲೇ ಇಲ್ಲ. ಹಂಚಿಕೊಳ್ಳಲು ಕಟ್ಟಡಗಳೇ ಇಲ್ಲದ ಕಡೆ ಹಂಚುವ ಸೂತ್ರ ಮೊದಲು ಬಂದು ಕೂತಿತ್ತು.

ಸೂತ್ರ ಚಿಕ್ಕದು. ನೋಂದಾಯಿಸಿದ ಡೀಡ್ ಆಫ್ ಡಿಕ್ಲರೇಷನ್‌ನಲ್ಲಿ ಪ್ರತಿ ಫ್ಲಾಟಿಗೂ ಅವಿಭಜಿತ ಪಾಲಿನ ಶೇಕಡಾವಾರು ಬರೆದಿರುತ್ತದೆ. ಇಡೀ ಆಸ್ತಿಯ ಬೆಲೆಯಲ್ಲಿ ಆ ಫ್ಲಾಟಿನ ಬೆಲೆ ಎಷ್ಟೋ ಅಷ್ಟು. ಸಾಮಾನ್ಯ ಲಾಭವೂ ಸಾಮಾನ್ಯ ಖರ್ಚೂ ಅದೇ ಪ್ರಮಾಣದಲ್ಲಿ. ನಾನು ಅದನ್ನು ಬಳಸುವುದಿಲ್ಲ ಎಂದು ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ಎಲ್ಲ ಮಾಲೀಕರೂ ಒಪ್ಪದೆ ಆ ಶೇಕಡಾವಾರನ್ನು ಬದಲಾಯಿಸುವಂತಿಲ್ಲ.

1990ರ ದಶಕದ ಕೊನೆಗೆ ವೈಟ್‌ಫೀಲ್ಡಿನಲ್ಲಿ ಐಟಿಪಿಎಲ್ ಟೆಕ್ ಪಾರ್ಕ್ ಬಾಗಿಲು ತೆರೆಯಿತು, ಅದರ ಹಿಂದೆಯೇ ಫ್ಲಾಟುಗಳು ಬಂದವು. ಡೀಡನ್ನು ಬಿಲ್ಡರ್ ಬರೆಸಿದ, ಕೊಂಡವರು ಬ್ಯಾಂಕಿನ ಸಾಲಕ್ಕೆ ಜೆರಾಕ್ಸ್ ಮಾಡಿಸಿ ಬೀರುವಿನಲ್ಲಿಟ್ಟರು. ಹದಿನೈದು ವರ್ಷ ಯಾರೂ ಬಿಚ್ಚಲಿಲ್ಲ. ಲಿಫ್ಟ್ ಕೆಟ್ಟಾಗ ಜಗಳ ಸೀದಾ ನೆಪೋಲಿಯನ್ನನ ಕಾಲದ ಆ ಮೆಟ್ಟಿಲಿನ ಕಲಮಿಗೆ ಹೋಯಿತು. ನೆಲಮಹಡಿಯ ರಾಯರು ಎದ್ದು ನಿಂತು, “ಸಾರ್, ನಾವು ಲಿಫ್ಟ್ ಗುಂಡೀನೇ ಒತ್ತಿಲ್ಲ, ನಾವ್ಯಾಕೆ ಕೊಡಬೇಕು?” ಎಂದರು. ಮೇಲಿನ ಮಹಡಿಯ ಮೇಡಂ ಒಬ್ಬರು, “ಹಂಗಾದ್ರೆ ನಿಮ್ಮ ಬಾಲ್ಕನಿ ಮುಂದಿನ ಗಾರ್ಡನ್‌ಗೆ ನಾವೂ ಕೊಡಲ್ಲ” ಎಂದರು. ಟೆರೇಸಿನ ವಾಟರ್‌ಪ್ರೂಫಿಂಗನ್ನು ಕೊನೆಯ ಮಹಡಿಯವರ ತಲೆಗೇ ಕಟ್ಟಬೇಕು ಎನ್ನುವವರೂ ಸಿಕ್ಕರು.

ಬಳಸಿದವರು ಕೊಡಲಿ ಎಂಬ ವಾದ ನ್ಯಾಯವಾಗಿ ಕೇಳಿಸುತ್ತದೆ. ಕಾರ್ಖಾನೆಯಲ್ಲಿ ಯಂತ್ರಕ್ಕೊಂದು ಲಾಗ್‌ಬುಕ್ ಇರುತ್ತಿತ್ತು, ಗಂಟೆಯ ಲೆಕ್ಕ ಸಿಗುತ್ತಿತ್ತು. ಲಿಫ್ಟಿಗೆ ಯಾರು ಬರೆಯುತ್ತಾರೆ? ರಾಯರ ಮನೆಗೆ ಬಂದ ಫ್ರಿಜ್ ಲೆಕ್ಕಕ್ಕಿಲ್ಲ, ಆದರೆ ಟೆರೇಸಿನ ಟ್ಯಾಂಕಿನಿಂದ ಇಳಿಯುವ ನೀರು? ಟ್ಯಾಂಕ್ ರಿಪೇರಿಗೆ ಮೇಲೆ ಹೋಗುವವನು ಲಿಫ್ಟಿನಲ್ಲೇ ಹೋಗುತ್ತಾನೆ. ನನ್ನ ಮಟ್ಟಿಗೆ ಸೆಕ್ಯೂರಿಟಿ, ಕಸದಂಥ ತಿಂಗಳ ಖರ್ಚು ಮನೆಗಿಷ್ಟು ಎಂದು ಸಮನಾಗಿರುವುದೇ ಸರಿ. ಕಾವಲುಗಾರ ಮೂರು ಬೆಡ್‌ರೂಮಿಗೆ ಹೆಚ್ಚು ಎಚ್ಚರವಾಗಿರುವುದಿಲ್ಲ. ಆದರೆ ಕಂಬ, ಚಾವಣಿ, ಲಿಫ್ಟ್ ಉಳಿಸುವುದು ಆಸ್ತಿಯ ಬೆಲೆಯನ್ನು. ಅದಕ್ಕೆ ಬೆಲೆಯ ಪಾಲೇ ಅಳತೆ. ಕಾಯ್ದೆ ನನ್ನ ಈ ಭೇದವನ್ನು ಒಪ್ಪುವುದಿಲ್ಲ, ಎಲ್ಲ ಖರ್ಚನ್ನೂ ಒಂದೇ ತಕ್ಕಡಿಗೆ ಹಾಕುತ್ತದೆ. ಸುತ್ತಮುತ್ತಲಿನ ಸಂಘಗಳಲ್ಲೋ ಬೆಲೆಯ ಬದಲು ಚದರಡಿ ಹಿಡಿದು ಗುಣಿಸುತ್ತಾರೆ. ಸುಲಭ, ಅದಕ್ಕೇ ನಡೆಯುತ್ತಿದೆ.

ನಮ್ಮಲ್ಲಿ ಕೊನೆಗೆ ಡೀಡನ್ನು ಪ್ರೊಜೆಕ್ಟರ್‌ನಲ್ಲಿ ಹಾಕಿ ಓದಿದೆವು. ರಾಯರು ಹಣ ಕಳಿಸಿದರು, ಯುಪಿಐ ಷರಾದಲ್ಲಿ “ಆಕ್ಷೇಪಣೆಯೊಂದಿಗೆ” ಎಂದು ಬರೆದು. ಆಮೇಲೆ ಎಲ್ಲ ಫ್ಲಾಟುಗಳ ಶೇಕಡಾವಾರು ಕೂಡಿದರೆ 99.87 ಬಂತು. ನಕ್ಷೆ ಬದಲಾಗಿ ಎರಡು ಫ್ಲಾಟು ಒಂದಾದಾಗ ಪಟ್ಟಿಯನ್ನು ಯಾರೂ ತಿದ್ದಿರಲಿಲ್ಲ. ತಿದ್ದಲು ಪ್ರತಿ ಮಾಲೀಕರ ಸಹಿ ಬೇಕು. ಅವರಲ್ಲಿ ಕೆಲವರು ಟೆಕ್ಸಸ್‌ನಲ್ಲಿ, ಒಬ್ಬರು ಮೆಲ್ಬರ್ನ್‌ನಲ್ಲಿ. ಉಳಿದ 0.13ನ್ನು ಸದ್ಯ ಕಾರ್ಪಸ್ ಬಡ್ಡಿಯಿಂದ ತುಂಬುತ್ತಿದ್ದೇವೆ. ಆಡಿಟರ್ ಅದಕ್ಕೂ ಒಂದು ಠರಾವು ಕೇಳಿದ್ದಾರೆ.