ಸಂಶೋಧನ ಪತ್ರಿಕೆಗಳಲ್ಲಿ ಶಾಸನಚಿತ್ರ: ಪಡಿಯಚ್ಚಿನಿಂದ ಡಿಜಿಟಲ್ ಫಲಕದವರೆಗೆ

ಶಾಸನವೊಂದನ್ನು ಪ್ರಕಟಿಸುವ ಲೇಖನದಲ್ಲಿ ಪಾಠ, ಸಾರಾಂಶ, ಟಿಪ್ಪಣಿಗಳ ಜೊತೆಗೆ ಚಿತ್ರಫಲಕವನ್ನು ಕೊಡುವುದು ವಾಡಿಕೆ. ಪಾಠವು ಸಂಪಾದಕರ ಓದು; ಫಲಕವು ಆ ಓದಿನ ಆಧಾರ. ಕಲ್ಲು ಇರುವ ಊರಿಗೆ ಹೋಗಲಾಗದ ವಿದ್ವಾಂಸರು ಆ ಓದನ್ನು ಒಪ್ಪಬೇಕಾದರೂ ತಿದ್ದಬೇಕಾದರೂ ಫಲಕವನ್ನೇ ಅವಲಂಬಿಸಬೇಕು. ಕಲ್ಲು ಒಡೆದರೆ, ಹೊಸ ಕಟ್ಟಡದ ತಳಪಾಯಕ್ಕೆ ಸೇರಿದರೆ, ಕೆರೆಯ ನೀರಿನಲ್ಲಿ ಮುಳುಗಿದರೆ ಫಲಕಕ್ಕೆ ಮೂಲದ ಸ್ಥಾನವೇ ಬರುತ್ತದೆ. ಈ ದೃಷ್ಟಿಯಿಂದ ಚಿತ್ರವನ್ನು ಅಚ್ಚಿಗೆ ಸಿದ್ಧಪಡಿಸುವ ಕೆಲಸವನ್ನು ಮುದ್ರಣಾಲಯಕ್ಕೆ ಬಿಟ್ಟುಕೊಟ್ಟು ಸುಮ್ಮನಿರಲು ಬರುವುದಿಲ್ಲ. ಅದು ಸಂಶೋಧನೆಯ ಅಂಗವಾಗಿಯೇ ಬೆಳೆದುಬಂದಿದೆ. ಆ ಬೆಳವಣಿಗೆಯ ಮುಖ್ಯ ಘಟ್ಟಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

ಕಣ್ಣಿನ ಪ್ರತಿ ಮತ್ತು ಪಡಿಯಚ್ಚು

ಶಾಸನಾಧ್ಯಯನದ ಆರಂಭದ ದಿನಗಳಲ್ಲಿ ಅಕ್ಷರಗಳನ್ನು ಕಣ್ಣಿನಿಂದ ನೋಡಿ ಕೈಯಿಂದ ಬರೆದುಕೊಳ್ಳುವ ಪದ್ಧತಿಯಿತ್ತು. ಬರೆಯುವವನಿಗೆ ಲಿಪಿ ತಿಳಿಯದಿದ್ದರೆ ತಪ್ಪು ನುಸುಳುತ್ತಿತ್ತು. ತಿಳಿದಿದ್ದರೆ ತಾನು ನಿರೀಕ್ಷಿಸಿದ ಅಕ್ಷರವನ್ನೇ ಕಾಣುವ ಅಪಾಯವಿತ್ತು. 1877ರಲ್ಲಿ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ಅವರು ಪ್ರಕಟಿಸಿದ ಅಶೋಕನ ಶಾಸನಗಳ ಸಂಪುಟವು ಬಹುಮಟ್ಟಿಗೆ ಇಂತಹ ಕೈಪ್ರತಿಗಳನ್ನು ಆಧರಿಸಿತ್ತು. ಅದೇ ಸಂಪುಟವನ್ನು 1925ರಲ್ಲಿ ಹುಲ್ಟ್‌ಷ್ ಅವರು ಹೊಸದಾಗಿ ಸಂಪಾದಿಸಿದಾಗ ಪಡಿಯಚ್ಚುಗಳಿಂದ ತಯಾರಾದ ಫಲಕಗಳು ಆ ಸ್ಥಾನಕ್ಕೆ ಬಂದವು. ಈ ಎರಡು ಮುದ್ರಣಗಳ ನಡುವಿನ ಅವಧಿಯಲ್ಲಿಯೇ ಕರ್ನಾಟಕದ ಅಶೋಕ ಶಾಸನಗಳು ಬೆಳಕಿಗೆ ಬಂದುದು ಗಮನಾರ್ಹ. ಬಿ.ಎಲ್. ರೈಸ್ ಅವರು 1892ರಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಶಾಸನಗಳನ್ನು ಶೋಧಿಸಿದರು. 1915ರಲ್ಲಿ ದೊರೆತ ಮಸ್ಕಿ ಶಾಸನವನ್ನು ಎಚ್. ಕೃಷ್ಣಶಾಸ್ತ್ರಿಗಳು ಹೈದರಾಬಾದಿನ ಪುರಾತತ್ವ ಮಾಲೆಯಲ್ಲಿ ಪ್ರಕಟಿಸಿದರು. ಅರಸನನ್ನು ಅಶೋಕನೆಂದು ಹೆಸರಿಸಿ ಹೇಳುವ ಆ ಬಂಡೆಯ ಮಹತ್ವವೆಲ್ಲ ಕೆಲವೇ ಅಕ್ಷರಗಳ ಮೇಲೆ ನಿಂತಿದೆ. ಇಂತಹ ಸಂದರ್ಭದಲ್ಲಿ ನಂಬಿಕೆಗೆ ಅರ್ಹವಾದ ಪ್ರತಿಚಿತ್ರದ ಬೆಲೆ ಎಷ್ಟೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಪಡಿಯಚ್ಚಿನ ವಿಧಾನ ಸರಳವಾದುದು. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಹಾಸಿ, ಗಟ್ಟಿ ಕೂದಲಿನ ಬ್ರಷ್‌ನಿಂದ ಬಡಿದಾಗ ಕಾಗದವು ಅಕ್ಷರದ ಕುಳಿಗಳಿಗೆ ಇಳಿಯುತ್ತದೆ. ಮೇಲೆ ಮಸಿಯ ಗುದ್ದುಗೆಯಿಂದ ಒತ್ತಿದರೆ ಮಟ್ಟವಾದ ಭಾಗ ಕಪ್ಪಾಗಿ, ಕೊರೆದ ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಇಲ್ಲಿ ಬರೆಯುವ ಕೈಯ ಊಹೆಗೆ ಅವಕಾಶ ಕಡಿಮೆ. ಆದರೆ ಕಲ್ಲಿನ ಸವಕಳಿಯಿಂದ ಆದ ಕುಳಿಯೂ ಉಳಿಯಿಂದ ಕೊರೆದ ಸೊನ್ನೆಯೂ ಕಾಗದದ ಮೇಲೆ ಒಂದೇ ಬಗೆಯಲ್ಲಿ ಬಿಳಿಯಾಗಿ ಕಾಣುತ್ತವೆ. ಇವೆರಡನ್ನೂ ಬೇರ್ಪಡಿಸಲು ಕುಳಿಯ ಅಂಚು, ಮಸಿಯ ತೆಳುವು ಮತ್ತು ದಟ್ಟತೆಗಳೇ ಸಹಾಯಕ. ಆ ಸೂಕ್ಷ್ಮ ಭೇದಗಳು ಅಚ್ಚಿನಲ್ಲಿ ಉಳಿಯುತ್ತವೆಯೇ ಎಂಬುದು ಮುಂದಿನ ಎಲ್ಲ ತಂತ್ರಗಳ ಮುಂದೆಯೂ ನಿಂತ ಪ್ರಶ್ನೆ.

ಛಾಯಾಚಿತ್ರ, ಶಿಲಾಮುದ್ರಣ, ಹಾಫ್‌ಟೋನ್

ಮೈಸೂರು ಸೀಮೆಯಲ್ಲಿ ಛಾಯಾಚಿತ್ರವು ಶಾಸನಾಧ್ಯಯನಕ್ಕೆ ಬಹು ಬೇಗನೆ ಪ್ರವೇಶಿಸಿತು. ಮೇಜರ್ ಡಿಕ್ಸನ್ 1865ರಲ್ಲಿ ತೆಗೆದ ಶಾಸನಗಳ ಛಾಯಾಚಿತ್ರಗಳು ರೈಸ್ ಅವರು 1879ರಲ್ಲಿ ಪ್ರಕಟಿಸಿದ 'ಮೈಸೂರ್ ಇನ್‌ಸ್ಕ್ರಿಪ್ಷನ್ಸ್' ಗ್ರಂಥಕ್ಕೆ ಆಧಾರವಾದವು. ಜೇಮ್ಸ್ ಬರ್ಗೆಸ್ ಅವರು 1872ರಲ್ಲಿ ಆರಂಭಿಸಿದ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಜೆ.ಎಫ್. ಫ್ಲೀಟ್ ಅವರು ಸಂಸ್ಕೃತ ಮತ್ತು ಹಳಗನ್ನಡ ಶಾಸನಗಳನ್ನು ಸರಣಿಯಾಗಿ ಸಂಪಾದಿಸಿದರು. ಪತ್ರಿಕೆಯ ಹಲವು ಫಲಕಗಳು ಲಂಡನ್ನಿನ ಗ್ರಿಗ್ಸ್ ಮುದ್ರಣಾಲಯದಲ್ಲಿ ಫೋಟೊ ಶಿಲಾಮುದ್ರಣ ವಿಧಾನದಿಂದ ಅಚ್ಚಾದವು.

ಅಚ್ಚಿನ ಮಸಿಗೆ ಬೂದುಬಣ್ಣವೆಂಬುದಿಲ್ಲ. ಅದು ಕಾಗದಕ್ಕೆ ಹತ್ತುತ್ತದೆ ಅಥವಾ ಹತ್ತುವುದಿಲ್ಲ. ಆದುದರಿಂದ ಬರಿಯ ಕಪ್ಪು ಬಿಳುಪಿನ ಲೈನ್ ಬ್ಲಾಕಿನಲ್ಲಿ ಅಕ್ಷರಗಳು ಚೊಕ್ಕಟವಾಗಿ ಮೂಡಿದರೂ, ನಡುವಣ ಛಾಯೆಗಳೆಲ್ಲ ಎರಡರಲ್ಲೊಂದು ಪಕ್ಷಕ್ಕೆ ಸೇರಿಹೋಗುತ್ತಿದ್ದವು. ಈ ಮಿತಿಯನ್ನು ದಾಟಿದುದು ಹಾಫ್‌ಟೋನ್ ವಿಧಾನ. ಚಿತ್ರವನ್ನು ಜಾಲರಿಯ ಮೂಲಕ ಹಾಯಿಸಿ ಚಿಕ್ಕ ದೊಡ್ಡ ಚುಕ್ಕೆಗಳಾಗಿ ಒಡೆದರೆ ಕಣ್ಣಿಗೆ ಛಾಯೆಯ ಭ್ರಮೆ ಉಂಟಾಗುತ್ತದೆ. ಮ್ಯೂನಿಕ್ಕಿನ ಗೇಯೋರ್ಗ್ ಮೈಸೆನ್‌ಬಾಕ್ 1882ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಭಾರತದಲ್ಲಿ ಈ ವಿಧಾನವನ್ನು ಶಾಸ್ತ್ರೀಯವಾಗಿ ಅಭ್ಯಾಸಮಾಡಿದವರು ಕಲ್ಕತ್ತೆಯ ಉಪೇಂದ್ರಕಿಶೋರ ರಾಯ್‌ಚೌಧುರಿ. 1890ರ ದಶಕದ ಕೊನೆಯಿಂದ ಲಂಡನ್ನಿನ ಪೆನ್‌ರೋಸ್ ವಾರ್ಷಿಕ ಸಂಪುಟಗಳಲ್ಲಿ ಪ್ರಕಟವಾದ ಅವರ ಲೇಖನಗಳು ಜಾಲರಿ ಮತ್ತು ಚುಕ್ಕೆಗಳ ಗಣಿತವನ್ನೇ ಚರ್ಚಿಸುತ್ತವೆ. ಹಾಫ್‌ಟೋನ್ ಛಾಯೆಯನ್ನು ಉಳಿಸಿತು, ಆದರೆ ಪ್ರತಿಯೊಂದು ರೇಖೆಯನ್ನೂ ಚುಕ್ಕೆಗಳಾಗಿ ಒಡೆಯಿತು.

ಡಿಜಿಟಲ್ ಚಿತ್ರ ಮತ್ತು ಅಳತೆಯ ಪ್ರಶ್ನೆ

1957ರಲ್ಲಿ ಅಮೆರಿಕದ ರಸೆಲ್ ಕಿರ್ಷ್ ಮತ್ತು ಅವರ ಸಂಗಡಿಗರು ಛಾಯಾಚಿತ್ರವೊಂದನ್ನು ಮೊದಲ ಬಾರಿಗೆ ಸ್ಕ್ಯಾನ್ ಮಾಡಿ ಗಣಕಕ್ಕೆ ಸೇರಿಸಿದಾಗ ಅದರ ಅಳತೆ 176 × 176 ಪಿಕ್ಸೆಲ್ ಮಾತ್ರ. 1984ರ ಪೋಸ್ಟ್‌ಸ್ಕ್ರಿಪ್ಟ್ ಭಾಷೆ, 1985ರ ಪೇಜ್‌ಮೇಕರ್, 1990ರ ಫೋಟೊಶಾಪ್ ತಂತ್ರಾಂಶಗಳು ಬ್ಲಾಕ್ ಮಾಡುವವರ ಕೆಲಸವನ್ನು ಲೇಖಕರ ಮೇಜಿಗೇ ತಂದವು. ಕೆಲಸ ಬಂದಷ್ಟು ಸುಲಭವಾಗಿ ಅದರ ತಿಳಿವಳಿಕೆ ಬರಲಿಲ್ಲ.

ಉತ್ತಮ ಕಾಗದದ ಆಫ್‌ಸೆಟ್ ಮುದ್ರಣದಲ್ಲಿ ಅಂಗುಲಕ್ಕೆ 150 ಗೆರೆಯ ಜಾಲರಿ ಸಾಮಾನ್ಯ. ಚಿತ್ರದ ಸಾಂದ್ರತೆ ಅದರ ಇಮ್ಮಡಿ ಇರಬೇಕೆಂಬ ಲೆಕ್ಕದಿಂದಲೇ ಅಂಗುಲಕ್ಕೆ 300 ಪಿಕ್ಸೆಲ್ ಎಂಬ ನಿಯಮ ರೂಢಿಗೆ ಬಂದಿದೆ. ಶಾಸನದ ವಿಷಯದಲ್ಲಿ ಇದರ ಅರ್ಥವೇನೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. 120 ಸೆಂ.ಮೀ. ಅಗಲದ ಕಲ್ಲನ್ನು 12 ಸೆಂ.ಮೀ. ಅಗಲದ ಫಲಕಕ್ಕೆ ಇಳಿಸಿದರೆ ಎಲ್ಲವೂ ಹತ್ತನೆಯ ಒಂದು ಭಾಗವಾಗುತ್ತದೆ. ಕಲ್ಲಿನಲ್ಲಿ 5 ಮಿ.ಮೀ. ಇರುವ ಸೊನ್ನೆ ಪುಟದಲ್ಲಿ ಅರ್ಧ ಮಿ.ಮೀ. ಆಗುತ್ತದೆ. 300 ಪಿಕ್ಸೆಲ್ ಸಾಂದ್ರತೆಯಲ್ಲಿ ಅದಕ್ಕೆ ಸುಮಾರು 6 ಪಿಕ್ಸೆಲ್‌ಗಳ ಅಗಲ ದೊರೆಯುತ್ತದೆ. ಗಣಕದ ಪರದೆಗೆಂದು ಮಾಡಿದ 72 ಪಿಕ್ಸೆಲ್‌ನ ಚಿತ್ರದಲ್ಲಿ ಒಂದೂವರೆ ಪಿಕ್ಸೆಲ್ ಕೂಡ ದೊರೆಯುವುದಿಲ್ಲ. ಫಲಕದ ಪೂರ್ಣ ಅಗಲಕ್ಕೆ ಸುಮಾರು 1,420 ಪಿಕ್ಸೆಲ್‌ಗಳು ಬೇಕು. 340 ಪಿಕ್ಸೆಲ್‌ನ ಚಿತ್ರವನ್ನು ಹಿಗ್ಗಿಸಿ ಈ ಸಂಖ್ಯೆ ತುಂಬಿಸಿದರೆ, ಹೆಚ್ಚಾದ ಪಿಕ್ಸೆಲ್‌ಗಳು ತಂತ್ರಾಂಶದ ಊಹೆಯೇ ಹೊರತು ಕಲ್ಲಿನ ಸಾಕ್ಷ್ಯವಲ್ಲ. ಕೈಪ್ರತಿಯ ಕಾಲದ ದೋಷವೇ ಹೊಸ ವೇಷದಲ್ಲಿ ಮರಳಿ ಬಂದಂತಾಯಿತು.

ಕಡತದ ಬಗೆಯೂ ಮುಖ್ಯ. ಜೆಪೆಗ್ ಕಡತವು ಚಿತ್ರವನ್ನು 8 × 8 ಪಿಕ್ಸೆಲ್‌ಗಳ ಚೌಕಗಳಾಗಿ ವಿಂಗಡಿಸಿ ಸಂಕ್ಷೇಪಿಸುತ್ತದೆ. ಸಂಕ್ಷೇಪ ಅತಿಯಾದಾಗ ಅಕ್ಷರದ ಅಂಚಿನಲ್ಲಿ ಇಲ್ಲದ ಮಚ್ಚೆಗಳು ಮೂಡುತ್ತವೆ. ಉಳಿಸಿದಾಗಲೆಲ್ಲ ನಷ್ಟ ಹೆಚ್ಚುತ್ತದೆ. ಮಾಹಿತಿಯನ್ನು ಕಳೆಯದೆ ಉಳಿಸಬಲ್ಲ ಟಿಫ್ ಕಡತವನ್ನು ಪತ್ರಿಕೆಗಳು ಕೇಳುವುದು ಇದರಿಂದಲೇ. ಕಪ್ಪು ಬಿಳುಪಿನ ಪಡಿಯಚ್ಚನ್ನು ಬಣ್ಣದ ಚಿತ್ರವಾಗಿಯೇ ಮುದ್ರಣಕ್ಕೆ ಕಳುಹಿಸಿದರೆ ನಾಲ್ಕು ಮಸಿಗಳು ಒಂದರ ಮೇಲೊಂದು ಬೀಳುತ್ತವೆ. ಕೂಡಿಕೆ ತುಸು ತಪ್ಪಿದರೂ ಸಣ್ಣ ಅಕ್ಷರಗಳ ಅಂಚು ಕದಡುತ್ತದೆ. ಅದನ್ನು ಬೂದುಛಾಯೆಯ ಚಿತ್ರವಾಗಿ ಪರಿವರ್ತಿಸಿ ಕಪ್ಪು ಮಸಿಯೊಂದರಲ್ಲೇ ಅಚ್ಚುಮಾಡುವುದು ಯೋಗ್ಯ.

ತಿದ್ದುಪಡಿಯ ಎಲ್ಲೆ

ನೆಗೆಟಿವಿನ ಕಲೆಗಳನ್ನು ಕುಂಚದಿಂದ ಮುಚ್ಚುವ ಅಭ್ಯಾಸ ಬ್ಲಾಕುಗಳ ಕಾಲದಲ್ಲೂ ಇತ್ತು. ಡಿಜಿಟಲ್ ತಂತ್ರವು ಅದನ್ನು ಗುರುತು ಸಿಗದಷ್ಟು ನಯವಾಗಿಸಿತು. 1982ರ ಫೆಬ್ರವರಿ ಸಂಚಿಕೆಯ ಮುಖಪುಟಕ್ಕಾಗಿ 'ನ್ಯಾಷನಲ್ ಜಿಯಾಗ್ರಫಿಕ್' ಪತ್ರಿಕೆ ಗಿಜಾದ ಪಿರಮಿಡ್‌ಗಳನ್ನು ಗಣಕದ ನೆರವಿನಿಂದ ಹತ್ತಿರಕ್ಕೆ ಸರಿಸಿದುದು ದೊಡ್ಡ ವಿವಾದವಾಯಿತು. ವಿಜ್ಞಾನ ಪತ್ರಿಕೆಗಳಲ್ಲಿ ಇದರ ಪರಿಣಾಮ ಇನ್ನೂ ಗಂಭೀರ. 2002ರಿಂದ 'ಜರ್ನಲ್ ಆಫ್ ಸೆಲ್ ಬಯಾಲಜಿ'ಯು ಪ್ರಕಟಣೆಗೆ ಒಪ್ಪಿದ ಲೇಖನಗಳ ಚಿತ್ರಗಳನ್ನು ಪರೀಕ್ಷಿಸುವ ಕ್ರಮವನ್ನು ಆರಂಭಿಸಿತು. ಬೆಳಕು ಮತ್ತು ವೈದೃಶ್ಯದ ಹೊಂದಾಣಿಕೆ ಇಡೀ ಚಿತ್ರಕ್ಕೆ ಸಮನಾಗಿ ಅನ್ವಯಿಸಬೇಕು. ಯಾವುದೇ ಒಂದು ಅಂಶವನ್ನು ಸೇರಿಸುವುದು, ತೆಗೆಯುವುದು, ಮರೆಮಾಡುವುದು ಸಲ್ಲದು. ಚಿತ್ರಗಳನ್ನು ಜೋಡಿಸಿದ್ದರೆ ಜೋಡಣೆಯ ಗೆರೆ ಕಾಣಬೇಕು ಎಂಬವು ಅದರ ನಿಯಮಗಳು. 2016ರಲ್ಲಿ ಪ್ರಕಟವಾದ ಅಧ್ಯಯನವೊಂದು 1995ರಿಂದ 2014ರವರೆಗಿನ 20,621 ಜೀವವಿಜ್ಞಾನ ಲೇಖನಗಳನ್ನು ಪರಿಶೀಲಿಸಿ, ಶೇ. 3.8ರಷ್ಟು ಲೇಖನಗಳಲ್ಲಿ ಒಂದೇ ಚಿತ್ರ ಅಸಮರ್ಪಕವಾಗಿ ಮರುಬಳಕೆಯಾಗಿರುವುದನ್ನು ಗುರುತಿಸಿತು.

ಶಾಸನಗಳಿಗೂ ಈ ನಿಯಮಗಳು ಅಷ್ಟೇ ಸಲ್ಲುತ್ತವೆ. ಮಸುಕಾದ ಪಡಿಯಚ್ಚನ್ನು ಸ್ಪಷ್ಟಗೊಳಿಸಲು ವೈದೃಶ್ಯವನ್ನು ತೀರ ಹೆಚ್ಚಿಸಿದರೆ ಸವಕಳಿಯ ಕುಳಿ ಅನುಸ್ವಾರವಾಗುತ್ತದೆ. ತಗ್ಗಿಸಿದರೆ ನಿಜವಾದ ಅನುಸ್ವಾರ ಮಾಯವಾಗುತ್ತದೆ. ಒಂದು ದೀರ್ಘದಿಂದ ವ್ಯಕ್ತಿಯ ಹೆಸರು, ಒಂದು ಅಂಕಿಯಿಂದ ಶಕವರ್ಷ ಬದಲಾಗಬಹುದು. ಸಂಪಾದಕರು ತಮ್ಮ ಓದಿಗೆ ಅನುಕೂಲವಾಗುವಂತೆ ಒಂದೇ ಅಕ್ಷರವನ್ನು ಬೆಳಗಿಸಿ ಕೊಟ್ಟರೆ, ಫಲಕವು ಆ ಓದಿನ ಪರೀಕ್ಷೆಗೆ ಒದಗದೆ ಅದರ ಪ್ರತಿಧ್ವನಿಯಾಗುತ್ತದೆ. ಅಂಚುಗಳನ್ನು ಕತ್ತರಿಸುವಾಗ ಕೊನೆಯ ಸಾಲಿನ ಒಡಕು ಭಾಗ ಹೋಗದಂತೆ ನೋಡುವುದು, ಅಳತೆಪಟ್ಟಿಯನ್ನು ಚಿತ್ರದೊಳಗೇ ಇರಿಸುವುದು, ಬೆಳಕು ಬಿದ್ದ ದಿಕ್ಕನ್ನು ಅಡಿಬರಹದಲ್ಲಿ ಸೂಚಿಸುವುದು, ಮಾಡಿದ ಹೊಂದಾಣಿಕೆಗಳನ್ನು ತಿಳಿಸುವುದು ಇವೆಲ್ಲ ಆ ಕಾರಣದಿಂದ ಅಗತ್ಯ. ಎಲ್ಲಕ್ಕಿಂತ ಮಿಗಿಲಾಗಿ, ಕ್ಯಾಮೆರಾದಿಂದಲೋ ಸ್ಕ್ಯಾನರಿನಿಂದಲೋ ಬಂದ ಮೊದಲ ಕಡತವನ್ನು ಮುಟ್ಟದೆ ಕಾಪಾಡಿ, ಪ್ರತಿಯ ಮೇಲೆ ಮಾತ್ರ ಕೆಲಸಮಾಡಬೇಕು.

ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಲ್ಲಿ ಕೈಗೊಂಡ ಶಾಸನಗಳ ಮೂರು ಆಯಾಮದ ಡಿಜಿಟಲ್ ಸಂರಕ್ಷಣೆಯ ಯೋಜನೆಯು ಈ ಇತಿಹಾಸದ ಹೊಸ ಘಟ್ಟ. ಕುಳಿಯ ಆಳವನ್ನೇ ದಾಖಲಿಸುವ ಈ ತಂತ್ರವು, ಪಡಿಯಚ್ಚು ಬಿಡಿಸಲಾರದ ಕುಳಿ ಮತ್ತು ಸೊನ್ನೆಗಳ ಗೊಂದಲವನ್ನು ಬಹುಮಟ್ಟಿಗೆ ಬಿಡಿಸಬಲ್ಲದು. ಆದರೂ ಪತ್ರಿಕೆಯ ಪುಟಕ್ಕೆ ಬರುವಾಗ ಆ ಆಕೃತಿಯನ್ನು ಒಂದು ಕೋನದಿಂದ, ಒಂದು ಬೆಳಕಿನಲ್ಲಿ ಚಪ್ಪಟೆ ಚಿತ್ರವಾಗಿಸಬೇಕು. ಆ ಆಯ್ಕೆ ಸಂಪಾದಕರದೇ. ಕೈಪ್ರತಿಯಿಂದ ಇಲ್ಲಿಯವರೆಗೆ ಸಾಧನಗಳು ಬದಲಾಗಿವೆ. ಕಲ್ಲಿನಲ್ಲಿ ಇರುವುದನ್ನು ಇದ್ದಂತೆ ಓದುಗರ ಮುಂದಿಡಬೇಕೆಂಬ ಹೊಣೆ ಬದಲಾಗಿಲ್ಲ. ಮುಂದಿನ ತಲೆಮಾರಿನ ವಿದ್ವಾಂಸರು ಇಂದಿನ ಪಾಠಗಳನ್ನು ತಿದ್ದಲು ಶಕ್ತರಾಗುವುದು ಈ ಹೊಣೆಯನ್ನು ನಿರ್ವಹಿಸಿದ ಫಲಕಗಳಿಂದಲೇ.