ಪಿಕಪ್ ಎತ್ತರವಾಯ್ತು, ಹಿಂದಿನ ಆಕ್ಸಲ್ ಕಥೆ ಏನಾಯ್ತು?

ಇವತ್ತು ಒಂದು ಪಿಕಪ್ ಟ್ರಕ್ಕಿನ ಕೆಳಗೆ ತೂರಿ ನೋಡೋಣ. ರೀಲ್ಸ್‌ನಲ್ಲಿ ನೀವೂ ನೋಡಿರ್ತೀರಿ. ದೊಡ್ಡ ದೊಡ್ಡ ಟೈರು, ಒಂದು ಚಕ್ರ ಬಂಡೆ ಮೇಲೆ, ಇನ್ನೊಂದು ಗುಂಡಿಯಲ್ಲಿ, ಗಾಡಿ ಮಾತ್ರ ಹತ್ತುತ್ತಾ ಹೋಗುತ್ತೆ. ನಮ್ಮ ಕಣ್ಣೆಲ್ಲ ಟೈರ್ ಮೇಲೆ. ಆದರೆ ಆ ಗಾಡಿ ಸಂಜೆ ಮನೆ ಸೇರುತ್ತೋ ಇಲ್ವೋ ಅನ್ನೋದನ್ನ ತೀರ್ಮಾನ ಮಾಡೋದು ಹಿಂದಿನ ಎರಡು ಚಕ್ರಗಳ ನಡುವೆ ಮಣ್ಣು ಮೆತ್ತಿಕೊಂಡಿರೋ ಆಕ್ಸಲ್, ಮತ್ತೆ ಅದನ್ನು ಹಿಡಿದಿಟ್ಟಿರೋ ಸಸ್ಪೆನ್ಷನ್.

ಇವೆರಡರ ಇತಿಹಾಸದಲ್ಲಿ ಒಂದೇ ವಿಷಯ ಮತ್ತೆ ಮತ್ತೆ ಬರುತ್ತೆ. ಒಂದು ಭಾಗವನ್ನು ಗಟ್ಟಿ ಮಾಡಿದರೆ ಮುರಿಯೋದು ನಿಲ್ಲಲ್ಲ, ಮುರಿಯೋ ಜಾಗ ಬದಲಾಗುತ್ತೆ ಅಷ್ಟೇ.

ಶುರುವಿನಿಂದ ಬರೋಣ. ಎತ್ತಿನ ಗಾಡಿಗೆ ಸ್ಪ್ರಿಂಗ್ ಇರಲಿಲ್ಲ. ಅಚ್ಚು, ಅದರ ಮೇಲೆ ತಿರುಗೋ ಚಕ್ರ, ಚಕ್ರ ಕಳಚದ ಹಾಗೆ ಒಂದು ಕಡೆಗೀಲು. ಇಂಗ್ಲೆಂಡಿನಲ್ಲಿ ಒಬದಯ್ಯ ಎಲಿಯಟ್ ಅನ್ನೋರು 1804ರಲ್ಲಿ ಉಕ್ಕಿನ ಪಟ್ಟಿಗಳನ್ನು ಬಾಗಿಸಿ ಜೋಡಿಸಿದ ಸ್ಪ್ರಿಂಗನ್ನು ಕುದುರೆ ಸಾರೋಟಿಗೆ ಹಾಕಿದರು. ಇದೇ ಲೀಫ್ ಸ್ಪ್ರಿಂಗ್. ನಮ್ಮ ಗ್ಯಾರೇಜುಗಳಲ್ಲಿ ಕಮಾನ್ ಪಟ್ಟಾ ಅಂತಾರಲ್ಲ, ಅದು. ಇನ್ನೂರು ವರ್ಷ ಆದ್ಮೇಲೂ ಬಹುಪಾಲು ಪಿಕಪ್‌ಗಳ ಹಿಂಭಾಗದಲ್ಲಿ ಇದೇ ಇದೆ.

ಯಾಕೆ ಅಂದ್ರೆ, ಇದು ಒಂದೇ ಸಂಬಳಕ್ಕೆ ಮೂರು ಕೆಲಸ ಮಾಡೋ ಆಳು. ಭಾರ ಹೊರುತ್ತೆ. ಆಕ್ಸಲ್ ಹಿಂದೆ ಮುಂದೆ, ಅಕ್ಕಪಕ್ಕ ಸರಿಯದ ಹಾಗೆ ಹಿಡಿದಿಡುತ್ತೆ. ಎಂಜಿನ್ ಚಕ್ರವನ್ನು ಮುಂದಕ್ಕೆ ತಿರುಗಿಸುವಾಗ ಆಕ್ಸಲ್ ಹೌಸಿಂಗ್ ಹಿಂದಕ್ಕೆ ತಿರುಗಲು ನೋಡುತ್ತಲ್ಲ, ಆ ತಿರುಚುವಿಕೆಯನ್ನೂ ತಡೆಯುತ್ತೆ. ಈ ಮೂರನೇ ಕೆಲಸ ನೆನಪಿಟ್ಟುಕೊಳ್ಳಿ. ಮುಂದೆ ತೊಂದರೆ ಬರೋದು ಅಲ್ಲೇ.

ಕಂಪನಿ ಕೊಟ್ಟ ಗಾಡಿಯನ್ನು ಬದಲಾಯಿಸೋ ಹುಚ್ಚು ಇವತ್ತಿನದು ಅಂದ್ಕೋಬೇಡಿ. ಅಮೆರಿಕದಲ್ಲಿ 1931ರಲ್ಲಿ ಹುಟ್ಟಿದ ಮಾರ್ಮನ್-ಹೆರಿಂಗ್ಟನ್ ಕಂಪನಿ, 1935ರಿಂದ ಫೋರ್ಡ್ ಟ್ರಕ್ಕುಗಳನ್ನು ತಗೊಂಡು ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗೋ ಹಾಗೆ ಮಾರ್ಪಾಡು ಮಾಡಿ ಮಾರುತ್ತಿತ್ತು. ಆಮೇಲೆ ಎರಡನೇ ಮಹಾಯುದ್ಧ ಬಂತು, ವಿಲ್ಲಿಸ್ ಜೀಪ್ ಬಂತು. ಆ ಪುಟ್ಟ ಜೀಪಿನ ಹಿಂದಿನ ಆಕ್ಸಲ್ ‘ಫುಲ್ ಫ್ಲೋಟಿಂಗ್’ ಜಾತಿಯದು.

ಹಾಗಂದ್ರೆ ಏನು? ಎತ್ತಿನ ಗಾಡಿಗೆ ವಾಪಸ್ ಹೋಗಿ. ಅಲ್ಲಿ ಭಾರ ಹೊರೋದು ಅಚ್ಚು, ತಿರುಗೋದು ಚಕ್ರ. ಫುಲ್ ಫ್ಲೋಟಿಂಗ್‌ನಲ್ಲೂ ಅಷ್ಟೇ. ಹೌಸಿಂಗಿನ ತುದಿಯ ಮೇಲೆ ಬೇರಿಂಗು, ಅದರ ಮೇಲೆ ಹಬ್. ಭಾರ ಪೂರ್ತಿ ಹೌಸಿಂಗ್ ಮೇಲೆ. ಒಳಗಿನ ಶಾಫ್ಟ್ ತಿರುಗಿಸೋ ಕೆಲಸ ಮಾತ್ರ ಮಾಡುತ್ತೆ. ಶಾಫ್ಟ್ ತುಂಡಾದರೂ ಚಕ್ರ ತನ್ನ ಜಾಗದಲ್ಲೇ ಇರುತ್ತೆ. ‘ಸೆಮಿ ಫ್ಲೋಟಿಂಗ್’ನಲ್ಲಿ ಹಾಗಲ್ಲ. ತಿರುಗಿಸೋದೂ ಶಾಫ್ಟೇ, ಭಾರ ಹೊರೋದೂ ಶಾಫ್ಟೇ. ತುದಿಯ ಹತ್ತಿರ ಮುರಿದರೆ ಚಕ್ರವೇ ಕಳಚಿ ಹೋಗೋ ಅಪಾಯ ಇದೆ. ಹಗುರ, ಅಗ್ಗ ಅನ್ನೋ ಕಾರಣಕ್ಕೆ ಚಿಕ್ಕ ಪಿಕಪ್‌ಗಳಿಗೆ ಸೆಮಿ ಫ್ಲೋಟಿಂಗೇ ಬಂತು. ಕಂಪನಿ ಲೆಕ್ಕ ಹಾಕಿದ ಭಾರಕ್ಕೆ, ಕಂಪನಿ ಕೊಟ್ಟ ಟೈರಿಗೆ ಅದು ಸಾಕು. ನಾವು ಆ ಲೆಕ್ಕ ಬದಲಾಯಿಸಿದಾಗ ಕಷ್ಟ.

ಲೆಕ್ಕ ದೊಡ್ಡದಾಗಿ ಬದಲಾಗಿದ್ದು ಮೆಕ್ಸಿಕೋದ ಬಾಹಾ ಮರುಭೂಮಿಯಲ್ಲಿ. 1967ರಲ್ಲಿ ಅಲ್ಲಿ ಮೊದಲ ‘ಮೆಕ್ಸಿಕನ್ 1000’ ರ‍್ಯಾಲಿ ನಡೀತು. ಗೆದ್ದಿದ್ದು ದೈತ್ಯ ಟ್ರಕ್ಕಲ್ಲ, ಮೇಯರ್ಸ್ ಮ್ಯಾಂಕ್ಸ್ ಅನ್ನೋ ಪುಟ್ಟ ಬಗ್ಗಿ, ಸುಮಾರು ಇಪ್ಪತ್ತೇಳೂವರೆ ಗಂಟೆಯಲ್ಲಿ. ಟ್ರಕ್ಕಿನವರಿಗೆ ಇದು ಪಾಠ. ಕಲ್ಲು, ಮರಳಿನಲ್ಲಿ ವೇಗವಾಗಿ ಓಡಬೇಕಾದರೆ ಬಲ ಒಂದೇ ಸಾಲದು, ಚಕ್ರ ನೆಲ ಬಿಡಬಾರದು. ಆಕ್ಸಲ್ ಭಾರ ಇದ್ದಷ್ಟೂ ಪ್ರತಿ ಉಬ್ಬಿನಲ್ಲಿ ಅದು ಸುತ್ತಿಗೆ ಥರ ಹೊಡೆಯುತ್ತೆ. ಆ ಹೊಡೆತ ತಡೆಯೋ ಶಾಕ್ ಅಬ್ಸಾರ್ಬರ್ ಕಾದು, ಒಳಗಿನ ಎಣ್ಣೆ ನೊರೆಯಾಗಿ, ಕೆಲಸ ನಿಲ್ಲಿಸುತ್ತೆ.

1971 ಮತ್ತು 1972ರಲ್ಲಿ ಪಾರ್ನೆಲ್ಲಿ ಜೋನ್ಸ್ ಸತತ ಎರಡು ಸಲ ಅದೇ ರ‍್ಯಾಲಿ ಗೆದ್ದರು. ಅವರ ‘ಬಿಗ್ ಓಲಿ’ ಹೊರಗಿಂದ ಫೋರ್ಡ್ ಬ್ರಾಂಕೋ. ಮೈ ಬಿಚ್ಚಿದರೆ ಒಳಗೆ ರೇಸಿಗೆ ಅಂತಲೇ ಕಟ್ಟಿದ ಪೈಪಿನ ಚೌಕಟ್ಟು. ಮಾರುಕಟ್ಟೆಯ ಗಾಡಿಗೆ ತೇಪೆ ಹಾಕೋ ಕಾಲ ರೇಸಿನ ಮಟ್ಟಿಗೆ ಮುಗೀತಾ ಬಂದಿತ್ತು.

ರೇಸಿನಾಚೆ, ಸಾಮಾನ್ಯ ಹುಡುಗರ ಶೆಡ್ಡಿನಲ್ಲಿ ತೇಪೆ ಕೆಲಸ ಜೋರಾಗೇ ನಡೀತಿತ್ತು. ಅಲ್ಲಿ ಹೀರೋ ಟೊಯೋಟಾ ಪಿಕಪ್. 1979ರಿಂದ 1985ರವರೆಗೆ ಅಮೆರಿಕದಲ್ಲಿ ಮಾರಿದ ಫೋರ್ ವೀಲ್ ಡ್ರೈವ್ ಮಾದರಿಗೆ ಮುಂದೆಯೂ ಹಿಂದೆಯೂ ಇಡೀ ಆಕ್ಸಲ್, ಲೀಫ್ ಸ್ಪ್ರಿಂಗ್. 1986ರ ಮಾದರಿಯಿಂದ ಮುಂದಿನ ಎರಡು ಚಕ್ರಗಳಿಗೆ ಬೇರೆ ಬೇರೆ ಸಸ್ಪೆನ್ಷನ್ ಬಂತು. ರಸ್ತೆಯಲ್ಲಿ ಸುಖ ಹೆಚ್ಚಾಯ್ತು, ಬಂಡೆ ಹತ್ತೋರಿಗೆ ಬೇಜಾರಾಯ್ತು. ಹೊಸ ಗಾಡಿ ತಗೊಂಡು ಹಳೇ ಥರದ ಆಕ್ಸಲ್ ಹಾಕಿಸಿಕೊಂಡವರು ಬೇಕಾದಷ್ಟು ಜನ.

ಈಗ ಒಂದು ಲೆಕ್ಕ ಮಾಡೋಣ. 28 ಇಂಚಿನ ಟೈರ್ ತೆಗೆದು 35 ಇಂಚಿನದು ಹಾಕಿದ್ರಿ ಅಂತಿಟ್ಕೊಳ್ಳಿ. ಟೈರ್ ಶೇ. 25ರಷ್ಟು ದೊಡ್ಡದಾಯ್ತು. ಗಾಡಿ ಎಳೆತ ಕಳ್ಕೊಳ್ಳುತ್ತೆ. ಅದನ್ನು ವಾಪಸ್ ತರಬೇಕಾದರೆ 4.10 ಇದ್ದ ಕ್ರೌನ್-ಪಿನಿಯನ್ ಅನುಪಾತ ಸುಮಾರು 5.12 ಆಗಬೇಕು. ಆಗ ಶಾಫ್ಟಿನ ಮೇಲೆ ತಿರುಚುವ ಬಲ ಹೆಚ್ಚುತ್ತೆ. ಬ್ರೇಕು ನಿಲ್ಲಿಸಬೇಕಾದ ಚಕ್ರವೂ ದೊಡ್ಡದಾಗಿದೆ, ಬ್ರೇಕ್ ಮಾತ್ರ ಹಳೇದೇ. ಅನುಪಾತ ಬದಲಾಯಿಸದೇ ಬಿಟ್ಟರೆ ಸ್ಪೀಡೋಮೀಟರ್ ಬೇರೆ ನಿಜಕ್ಕಿಂತ ಕಡಿಮೆ ವೇಗ ತೋರಿಸುತ್ತೆ. ಒಂದು ಟೈರ್ ಬದಲಾಯಿಸಿದ್ದಕ್ಕೆ ಇಷ್ಟೆಲ್ಲ!

ಗಾಡಿ ಎತ್ತರ ಮಾಡೋಕೆ ಸ್ಪ್ರಿಂಗಿನ ಕೆಳಗೆ ಬ್ಲಾಕ್ ಇಟ್ಟರೆ? ಅಗ್ಗದ ದಾರಿ. ಆದರೆ ಆ ಮೂರನೇ ಕೆಲಸ ನೆನಪಿದೆಯಲ್ಲ, ತಿರುಚುವಿಕೆ ತಡೆಯೋದು? ಬ್ಲಾಕ್ ಎತ್ತರ ಆದಷ್ಟೂ ಅದು ಸನ್ನೆಗೋಲಿನ ಥರ ಸ್ಪ್ರಿಂಗನ್ನು ತಿರುಚುತ್ತೆ. ಪಟ್ಟಿ ‘ಎಸ್’ ಅಕ್ಷರದ ಹಾಗೆ ಬಾಗಿ, ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಮುರಿಯುತ್ತೆ. ಅದಕ್ಕೇ ಕೆಲವರು ಶೆವರ್ಲೆ ದೊಡ್ಡ ಪಿಕಪ್‌ನ 63 ಇಂಚಿನ ಉದ್ದ ಸ್ಪ್ರಿಂಗ್ ತಂದು ಟೊಯೋಟಾಗೆ ಹಾಕಿದರು. ಉದ್ದ ಸ್ಪ್ರಿಂಗ್ ಮೆತ್ತಗೆ, ಚಕ್ರ ಹೆಚ್ಚು ಇಳಿಯುತ್ತೆ, ಏರುತ್ತೆ. ಮತ್ತೆ ತಿರುಚುವಿಕೆ ತಡೆಯೋಕೆ ಬೇರೆಯೇ ಒಂದು ರಾಡ್ ಹಾಕಿದರು.

ಆಮೇಲೆ ಶಾಫ್ಟು, ಕ್ರೌನು ಮುರಿಯೋಕೆ ಶುರು. ಟೊಯೋಟಾದ ಕ್ರೌನ್ ವ್ಯಾಸ ಸುಮಾರು 8 ಇಂಚು. ಗುಜರಿಯಲ್ಲಿ ಸಿಕ್ಕಿದ್ದು ಜನರಲ್ ಮೋಟಾರ್ಸ್‌ನ ‘14 ಬೋಲ್ಟ್’ ಆಕ್ಸಲ್. 1973ರಿಂದ ಭಾರದ ಟ್ರಕ್ಕುಗಳಿಗೆ ಬರುತ್ತಿದ್ದದ್ದು, ಹತ್ತೂವರೆ ಇಂಚಿನ ಕ್ರೌನ್, ಫುಲ್ ಫ್ಲೋಟಿಂಗ್. ಮುರಿಯೋದು ಅಪರೂಪ. ಆದರೆ ಹೌಸಿಂಗ್ ಎಷ್ಟು ದಪ್ಪ ಅಂದ್ರೆ, ಅದೇ ಬಂಡೆಗೆ ತಗುಲಿಕೊಳ್ಳುತ್ತೆ. ಹಾಗಾಗಿ ಅದರ ಹೊಟ್ಟೆ ಕೆತ್ತಿ ತಟ್ಟೆ ಬೆಸೆದರು. ನೋಡಿ, ಸಮಸ್ಯೆ ಮುಗೀಲಿಲ್ಲ, ಜಾಗ ಬದಲಾಯಿಸಿತು.

ಇವತ್ತಿನ ಬಾಹಾ ‘ಟ್ರೋಫಿ ಟ್ರಕ್’ಗಳನ್ನೇ ತಗೊಳ್ಳಿ. ಈ ವರ್ಗ ಶುರುವಾಗಿದ್ದು 1994ರಲ್ಲಿ. ಕೋಟಿಗಟ್ಟಲೆ ರೂಪಾಯಿಯ ಗಾಡಿಗಳು. ಹಿಂದಿನ ಚಕ್ರ ಸುಮಾರು ಎರಡೂವರೆ ಅಡಿ ಮೇಲೆ ಕೆಳಗೆ ಆಡುತ್ತೆ. ಇಷ್ಟಾದರೂ ಬಹುತೇಕ ಗಾಡಿಗಳ ಹಿಂದೆ ಇರೋದು ಅದೇ ಇಡೀ ಆಕ್ಸಲ್. ವ್ಯತ್ಯಾಸ ಇಷ್ಟೇ: ಒಬ್ಬ ಆಳು ಮಾಡ್ತಿದ್ದ ಕೆಲಸ ಹಂಚಿಬಿಟ್ಟಿದ್ದಾರೆ. ಭಾರಕ್ಕೆ ಸ್ಪ್ರಿಂಗು, ಹೊಡೆತಕ್ಕೆ ಶಾಕ್, ಆಕ್ಸಲ್ ಹಿಡಿಯೋಕೆ, ತಿರುಚುವಿಕೆ ತಡೆಯೋಕೆ ಉದ್ದನೆಯ ಲಿಂಕ್ ರಾಡ್‌ಗಳು.

ನಮ್ಮಲ್ಲಿ? ವಿಲ್ಲಿಸ್ ವಂಶದ ಹಳೇ ಮಹೀಂದ್ರ ಜೀಪುಗಳಲ್ಲಿ ನಾಲ್ಕೂ ಮೂಲೆಗೆ ಕಮಾನ್ ಪಟ್ಟಾನೇ. ಕೊಡಗಿನ ಮಾಂದಲಪಟ್ಟಿಗೆ ಹೋದವರಿಗೆ ಜೀಪಿನ ಕುಲುಕಾಟ ಬೆನ್ನಿಗೇ ಗೊತ್ತಿರುತ್ತೆ. ಆದರೆ ಕಾನೂನು ತಿಳ್ಕೊಳ್ಳಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಎದುರಿಗೆ ಸ್ಕೂಟರಿನಲ್ಲಿ ಬರ್ತಾ ಇರೋರಿಗೆ ನಿಮ್ಮ ಆಕ್ಸಲ್ ಎಂಥದ್ದು ಅಂತ ಗೊತ್ತಿರಲ್ಲ. ಕಳಚಿದ ಚಕ್ರ ಹೋಗಿ ಹೊಡೆಯೋದು ಅವರನ್ನೇ.

ಹಾಗಾಗಿ ಮುಂದಿನ ಸಲ ರೀಲ್ ನೋಡುವಾಗ ಅಲ್ಲೇ ನಿಲ್ಲಿಸಿ, ಟೈರ್ ಬಿಟ್ಟು ಅದರ ಹಿಂದೆ ನೋಡಿ. ಎಲ್ಲ ಗಾಡಿಯಲ್ಲೂ ಏನೋ ಒಂದು ಮೊದಲು ಮುರಿಯುತ್ತೆ. ಬಲ್ಲ ಮೆಕ್ಯಾನಿಕ್ ಮಾಡೋದು ಒಂದೇ: ಮುರಿದರೆ ಜೇಬಿಗೆ ಹೊಡೆತ ಬೀಳಲಿ, ಜೀವಕ್ಕಲ್ಲ ಅನ್ನೋ ಹಾಗೆ ಆ ಜಾಗ ಆರಿಸೋದು. ಎತ್ತಿನ ಗಾಡಿ ಮಾಡ್ತಿದ್ದ ಬಡಗಿಗೂ ಇದು ಗೊತ್ತಿತ್ತು. ಹೊರಡೋ ಮುಂಚೆ ಕಡೆಗೀಲು ಒಂದ್ಸಲ ಮುಟ್ಟಿ ನೋಡೋದು ಅದಕ್ಕೇ.